ಕಿತ್ತೂರಿನ ಇನ್ನೊಂದು ಕೀರ್ತಿ

ಪುಣೆಯಿಂದ ಧಾರವಾಡಕ್ಕೆ ಹೋಗಿಬರುವ ನಮ್ಮ ಮಂದಿಗೆ ಕಿತ್ತೂರು ಹೊಸದಲ್ಲ. ಬೆಳಗಾವಿಯನ್ನು ದಾಟಿ ಹೆದ್ದಾರಿಯಲ್ಲಿ ಸಾಗಿದರೆ ಧಾರವಾಡ ಬರುವ ಮೊದಲೇ ಈ ಊರು ಸಿಗುತ್ತದೆ. ಕಿಟಕಿಯಿಂದಲೇ ಚೆನ್ನಮ್ಮ ರಾಣಿಯನ್ನು ನೆನೆದು ಮುಂದೆ ಹೋಗುವವರೇ ಹೆಚ್ಚು. ಈ ಸಲದ ದೀಪಾವಳಿಯ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಇಲ್ಲಿ ಇಳಿದು ಕೋಟೆಯನ್ನು ಸಾವಕಾಶವಾಗಿ ನೋಡಿದೆವು.

ಅರಮನೆ ಹಾಳಾಗಿದೆ, ಉಳಿದಷ್ಟು ಗೋಡೆಗಳಲ್ಲಿಯೂ ಗಾಂಭೀರ್ಯವಿದೆ. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಮಾಡಿದ ಕಿಂಡಿಗೆ ಮಕ್ಕಳು ಸರದಿಯ ಮೇಲೆ ಕಣ್ಣು ಹಚ್ಚಿದರು. 1824ರ ಅಕ್ಟೋಬರ 23ರಂದು ಕಂಪನಿ ಸರಕಾರದ ದಂಡನ್ನು ಸೋಲಿಸಿ ಥ್ಯಾಕರೆಯನ್ನು ಕೆಡವಿದ್ದು ಇಲ್ಲಿಯೇ. ಇದು ಎಲ್ಲರಿಗೂ ಗೊತ್ತಿದ್ದ ಕೀರ್ತಿ.

ಬಹಳ ಮಂದಿಗೆ ಗೊತ್ತಿಲ್ಲದ ಇನ್ನೊಂದು ಕೀರ್ತಿ ಈ ಊರಿಗಿದೆ. 1984ರಲ್ಲಿ ಕೇಂದ್ರ ಸರಕಾರವು ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರ ಮಾರ್ಗದರ್ಶನದಲ್ಲಿ ಅಲ್ಲಿಯ ತರುಣ ಎಂಜಿನಿಯರರು ಹಳ್ಳಿಗಳಿಗೆಂದೇ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜನ್ನು ರೂಪಿಸಿದರು. 128 ತಂತಿಗಳದು. ಪರದೇಶದ ದೊಡ್ಡ ಯಂತ್ರಗಳಿಗೆ ತಂಪು ಕೋಣೆ ಬೇಕು. ಇದು ಹಳ್ಳಿಯ ಬಿಸಿಲು-ಧೂಳುಗಳಲ್ಲಿ, ಸಾದಾ ಕೋಣೆಯಲ್ಲಿಯೇ ನಡೆಯುವಂಥದು. ಅದನ್ನು ಮೊಟ್ಟಮೊದಲು ಕೂಡ್ರಿಸಿದ್ದು 1986ರ ಜುಲೈದಲ್ಲಿ, ನಮ್ಮ ಕಿತ್ತೂರಿನಲ್ಲಿ! ಮುಂದೆ ಇಂಥ ಯಂತ್ರಗಳು ದೇಶದ ಸಾವಿರಾರು ಹಳ್ಳಿಗಳನ್ನು ಮುಟ್ಟಿದವು.

ಇಂಥ ಊರಿನಿಂದ ಪಶ್ಚಿಮಕ್ಕೆ, ಖಾನಾಪುರದ ಕಾಡಿನ ಕಡೆಗೆ ಹೋದಂತೆ ಫೋನಿನ ದನಿ ಕ್ಷೀಣಿಸುವದು ಎಂಥ ಸೋಜಿಗ! ಕಾಡಿನಲ್ಲಿ ಟವರು ನಿಲ್ಲಿಸಲು, ಕೇಬಲ್ ಹಾಯಿಸಲು ಅರಣ್ಯ ಇಲಾಖೆಯ ಪರವಾನಿಗೆ ಬೇಕು. ಮನೆಗಳು ಕಡಿಮೆ, ಕಂಪನಿಗಳಿಗೆ ಗಿಟ್ಟುವದಿಲ್ಲ. ಮಳೆಗಾಲದಲ್ಲಿ ಗಿಡ ಬಿದ್ದು ತಂತಿ ಹರಿಯುತ್ತದೆ. ಕರೆಂಟು ಹೋದರೆ, ಬ್ಯಾಟರಿ ತೀರಿದ ಮೇಲೆ ಟವರೂ ಮೂಕ.

ಆ ದಾರಿಯ ಒಂದು ಹಳ್ಳಿಯಲ್ಲಿ ನಮ್ಮ ಚಿಗವ್ವ ಒಬ್ಬಳೇ ಇದ್ದಾಳೆ. ಕಳೆದ ಮಳೆಗಾಲದಲ್ಲಿ ಆಕೆ ಜ್ವರದಿಂದ ಮಲಗಿದ ಸುದ್ದಿ ನಮಗೆ ಮುಟ್ಟಿದ್ದು ನಾಲ್ಕನೆಯ ದಿನ. ಆ ವಾರ ಟವರು ಸರಿಯಾಗಿಯೇ ಇತ್ತು. ರೀಚಾರ್ಜಿನ ಮುದ್ದತು ತೀರಿ ಹೊರಗಿನ ಕರೆ ನಿಂತಿತ್ತು. ಆಕೆಯದು ಗುಂಡಿ ಒತ್ತುವ ಸಾದಾ ಫೋನು. ಆದರೂ ಅಂಗಡಿಯವ ಪ್ರತಿ 28 ದಿನಕ್ಕೆ ಇಂಟರ್‌ನೆಟ್ಟಿನ ಸಹಿತವೇ ರೊಕ್ಕ ತಗೊಳ್ಳುತ್ತಿದ್ದ.

"ತಮ್ಮಾ, ಮಾತಾಡೂದಕ್ಕ ರೊಕ್ಕಾ ಕೊಡತೇನಿ. ಈ ನೆಟ್ಟು ತಗೊಂಡು ನಾ ಏನ ಮಾಡ್ಲಿ?" ಎಂದು ಚಿಗವ್ವ ಕೇಳಿದಳು.

ಪ್ರಶ್ನೆ ನ್ಯಾಯವಾದದ್ದು. ಟೆಲಿಕಾಂ ನಿಯಂತ್ರಣ ಪ್ರಾಧಿಕಾರವೂ ಇದನ್ನು ಮನಗಂಡಿತು. 2024ರ ಡಿಸೆಂಬರದಲ್ಲಿ ಅದು ಹೊರಡಿಸಿದ ನಿಯಮದಂತೆ, ಬರಿಯ ಮಾತು ಮತ್ತು ಸಂದೇಶಗಳ ಒಂದು ರೀಚಾರ್ಜನ್ನಾದರೂ ಪ್ರತಿ ಕಂಪನಿ ಕೊಡಲೇಬೇಕು. ಇಂಥವುಗಳ ಮುದ್ದತು 365 ದಿನಗಳ ವರೆಗೂ ಇರಬಹುದು. ಅಂಗಡಿಯವ ತಾನಾಗಿ ಹೇಳುವದಿಲ್ಲ, ಕೇಳಿದರೆ ಕೊಡುತ್ತಾನೆ. ಚಿಗವ್ವನಿಗೆ ದೊಡ್ಡ ಮುದ್ದತಿನದನ್ನೇ ಹಾಕಿಸಿ, ತೀರುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಬಂದೆವು.

ಇಂಟರ್‌ನೆಟ್ಟು ಹಳ್ಳಿಗೆ ಬೇಡವೆಂದಲ್ಲ. ಓದುವ ಹುಡುಗರಿಗೆ, ಪಹಣಿ ಬೇಕಾದ ರೈತರಿಗೆ ಅದು ಬೇಕೇಬೇಕು. ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಒಯ್ಯುವ ಕೆಲಸಕ್ಕೆ 2011ರಲ್ಲಿಯೇ ಮಂಜೂರಾತಿ ದೊರೆತಿದೆ. ಇಂದು ಅದರ ಹೆಸರು ಭಾರತ್‌ನೆಟ್. ಪಂಚಾಯಿತಿಯ ಬಾಗಿಲಿಗೆ ಬಂದ ಕೇಬಲ್ ಸಾಲೆಗೂ ಮನೆಗಳಿಗೂ ಮುಟ್ಟಿತೇ ಎಂದು ಕೇಳುವವರು ಬೇಕು.

ಪರಸ್ಥಳದಲ್ಲಿರುವ ನಾವು ಊರಿಗೆ ಹೋದಾಗ ಹಿರಿಯರಿಗೆ ಸೀರೆ-ಧೋತರ ಒಯ್ಯುತ್ತೇವೆ. ಜೊತೆಗೆ ಅರ್ಧ ತಾಸು ಕುಳಿತು ಅವರ ಫೋನಿನ ಲೆಕ್ಕವನ್ನೂ ನೋಡಿದರೆ, ನಡುರಾತ್ರಿ ಅವರು ಕರೆದಾಗ ಆ ಕರೆ ನಮಗೆ ಮುಟ್ಟೀತು.