ಗೌಡ್ರಿಗೂ ‘ಯು’ ಅನ್ನಬೇಕೇನ್ರಿ ಸರ್?



ಅಸುಂಡಿಯ ನಮ್ಮ ಕೇರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ ಅಂತ ಗೊತ್ತಾದ ಮೇಲೆ ಭಾಳ ಮಂದಿ ಮೆಸೇಜ್ ಹಾಕಿದ್ದೀರಿ. ಕೆಲವರು “ದೊಡ್ಡ ಸೇವೆ ಮಾಡಾಕತ್ತೀರಿ ಸರ್” ಅಂದಿದ್ದೀರಿ. ಇನ್ನು ಕೆಲವರು “ನಾವೂ ಒಂದಿನ ಬಂದು ಕಲಿಸ್ತೀವಿ” ಅಂದಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲೇ ಉತ್ತರ ಬರೀತೀನಿ. ಸ್ವಲ್ಪ ಉದ್ದ ಆಗತ್ತ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊದಲು ನನ್ನ ಯೋಗ್ಯತೆ ಹೇಳಿಬಿಡ್ತೀನಿ. ನಾನು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವ, ಆಫೀಸಿನಲ್ಲಿ ಗುಮಾಸ್ತ. ನಮ್ಮ ಕಾಲಕ್ಕೆ ಎಬಿಸಿಡಿ ಶುರುವಾಗ್ತಿದ್ದದ್ದೇ ಐದನೇತ್ತಾದಲ್ಲಿ. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007–08ರಲ್ಲಿ. ನನಗೆ ಬರೋದು ಫೈಲಿನ ಇಂಗ್ಲಿಷ್. ಓದ್ತೀನಿ, ಬರೀತೀನಿ, ನಿಂತು ಮಾತಾಡು ಅಂದ್ರೆ ಇವತ್ತಿಗೂ ನಾಲಿಗೆ ಒಣಗತ್ತ. ದೂರದ ದೇಶಗಳಿಗೆ ಹೋಗಿ ಪುಕ್ಕಟೆ ಇಂಗ್ಲಿಷ್ ಕಲಿಸೋ ಸ್ವಯಂಸೇವಕರ ಬಗ್ಗೆ ಓದಿದ್ದೀನಿ. ಅವರಿಗೆ ಭಾಷೆ ಮನೆಯದು, ಊರು ಪರದೇಶ. ನನಗೆ ಊರು ಮನೆಯದು, ಭಾಷೆ ಪರದೇಶ.

ಬೇಜಾರಿನ ಸಂಗತಿಗಳೇ ಜಾಸ್ತಿ, ಅವನ್ನೇ ಮೊದಲು ಹೇಳ್ತೀನಿ.

ಮುಂಗಾರಿನ ಹೆಸರು ಬಿಡಿಸೋ ಹೊತ್ತಿಗೆ ಇಪ್ಪತ್ತು ಮಕ್ಕಳಿದ್ದಲ್ಲಿ ಎಂಟು ಉಳೀತಾವ. ಉಳ್ಳಾಗಡ್ಡಿ ಕೀಳೋ ಹೊತ್ತಿಗೆ ಇನ್ನೂ ಕಡಿಮೆ. ಕೆಲವರ ಅಪ್ಪ ಅವ್ವ ಗೋವಾಕ್ಕೋ ಮಂಗಳೂರಿಗೋ ದುಡಿಯಾಕ ಹೋದ್ರೆ ಮಕ್ಕಳೂ ಹಿಂದಿಂದೆ ಹೋಗ್ತಾವ. ಮೂರು ತಿಂಗಳು ಬಿಟ್ಟು ಬಂದಾಗ ‘ದಿಸ್’, ‘ದ್ಯಾಟ್’ನಿಂದ ಮತ್ತೆ ಶುರು. ‘ನಾನು ಶಾಲೆಗೆ ಹೋಗುತ್ತೇನೆ’ ಅನ್ನೋದನ್ನ ‘ಐ ಸ್ಕೂಲ್ ಗೋ’ ಅಂತಾವ. ಅವುಗಳ ತಪ್ಪೇನಿಲ್ಲ, ಕನ್ನಡದಲ್ಲಿ ಕ್ರಿಯಾಪದ ಕಡೀಗೆ ಬರತ್ತ. ‘ಬಟ್’ ಇದ್ದಂಗ ‘ಪುಟ್’ ಯಾಕಿಲ್ಲ ಅಂತ ಕೇಳಿದರೆ ನನ್ನ ಹತ್ರ ಉತ್ತರ ಇಲ್ಲ. “ಇಂಗ್ಲಿಷ್ ಬಂದ್ರ ನೌಕರಿ ಗ್ಯಾರಂಟಿ ಏನ್ರಿ ಅಣ್ಣಾ?” ಅಂತ ತಾಯಂದಿರು ಕೇಳಿದರೆ ಅದಕ್ಕೂ ಇಲ್ಲ.

ಮೇಲಿನ ಓಣಿಯ ಒಬ್ಬರು ಹೇಳಿದರು: “ನಿಮ್ಮ ಪಾಠ ಚಲೋ ಐತಂತ್ರಿ. ಬ್ಯಾರೆ ಕಡೆ ಎಲ್ಲರ ಇಟ್ಕೊಂಡ್ರ ನಮ್ಮ ಹುಡುಗ್ರನ್ನೂ ಕಳಸ್ತೀವಿ.” ಬ್ಯಾರೆ ಕಡೆ ಅಂದ್ರೆ ಕೇರಿಯ ಹೊರಗೆ. ನಾನು “ಜಾಗ ಇದ, ಬಾಗಿಲ ತೆರೆದೈತ್ರಿ, ಕಳಸ್ರಿ” ಅಂದೆ. ಇನ್ನೂ ಯಾರೂ ಬಂದಿಲ್ಲ.

ಇನ್ನು ಒಂದಿನದ ಸ್ವಯಂಸೇವಕರು. ಏಪ್ರಿಲ್ 14ರ ಆಸುಪಾಸು ಬರ್ತಾರ, ನೋಟ್‌ಬುಕ್ ಹಂಚ್ತಾರ, ಒಂದು ಹಾಡು ಕಲಿಸ್ತಾರ, ಫೋಟೋ ತೆಗೆಸ್ಕೊಂಡು ಹೋಗ್ತಾರ. ಆಮೇಲೆ ಎರಡು ವಾರ ಮಕ್ಕಳು “ಆ ಅಕ್ಕಾರು ಯಾವಾಗ ಬರ್ತಾರ್ರಿ?” ಅಂತ ನನ್ನ ಕೇಳ್ತಿರ್ತಾವ.

ಹಂಗಾದ್ರೆ ಯಾಕೆ ನಡೆಸ್ತೀಯಪ್ಪಾ ಅಂತೀರಿ. ಎರಡು ಪ್ರಸಂಗ ಹೇಳ್ತೀನಿ.

ಒಂದಿನ ಬೋರ್ಡಿನ ಮೇಲೆ ‘ನೀನು – ಯು’, ‘ನೀವು – ಯು’ ಅಂತ ಬರೆದಿದ್ದೆ. ಆರನೇತ್ತಾದ ಹುಡುಗ ಎದ್ದು ನಿಂತ. “ಸರ್, ಗೌಡ್ರಿಗೂ ‘ಯು’ ಅನ್ನಬೇಕೇನ್ರಿ?” ಹೌದು ಅಂದೆ. “ಮತ್ತ ನಮ್ಮ ಅಜ್ಜಗ?” ಅವನಿಗೂ ‘ಯು’ನೇ ಅಂದೆ. ಹುಡುಗ ನನ್ನ ನೋಡಿದ, ಬೋರ್ಡ್ ನೋಡಿದ. ಹಿಂದಿದ್ದ ಹುಡುಗಿ ಕೇಳಿದಳು: “ಹಂಗಾರ ಇಂಗ್ಲಿಷ್‌ನ್ಯಾಗ ‘ಲೇ’ ಇಲ್ಲೇನ್ರಿ?” ಎಲ್ಲರೂ ನಕ್ಕರು.

ಇದರೊಳಗೆ ನಗೂವಂಥದ್ದು ಏನಿದೆ ಅಂತ ಕೇರಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷದ ಹುಡುಗ ಅರವತ್ತರ ನಮ್ಮ ಹಿರೇರನ್ನ ‘ಬಾರಲೇ’ ಅಂತ ಕರೆಯೋದು, ಹಿರೇರು ಅವನಿಗೆ ‘ಬಂದ್ನಿರಿ ಎಪ್ಪಾ’ ಅನ್ನೋದು ನಾವು ಕಂಡು ಬೆಳೆದ ವ್ಯಾಕರಣ. ಆ ಹುಡುಗ ಅವತ್ತು ಇಂಗ್ಲಿಷ್ ಎಷ್ಟು ಕಲಿತನೋ, ಮಾತಿನಲ್ಲಿರೋ ಮೇಲು ಕೀಳು ಮನುಷ್ಯರು ಮಾಡಿದ್ದು ಅನ್ನೋದನ್ನಂತೂ ಕಲಿತ.

ಹಂಗಂತ ಇಂಗ್ಲಿಷ್ ಜಾತಿಗೆ ಔಷಧ ಅಂತ ನಾನು ಹೇಳೋದಿಲ್ಲ. ಉತ್ತರ ಪ್ರದೇಶದ ಬಾಂಕಾ ಅನ್ನೋ ಹಳ್ಳಿಯಲ್ಲಿ ದಲಿತರು 2010ರಲ್ಲಿ ‘ಇಂಗ್ಲಿಷ್ ದೇವಿ’ಗೆ ಗುಡಿ ಕಟ್ಟಾಕ ಹೊರಟಿದ್ದರು. ಅವರ ಹಸಿವು ನನಗೆ ಅರ್ಥ ಆಗತ್ತ. ಆದರೆ ಅಮೆರಿಕಾದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿ ಕಾನೂನು ಮಾಡಬೇಕಾಗಿ ಬಂತು. ಅಲ್ಲಿಗೆ ಹೋದ ನಮ್ಮವರಿಗೆ ಇಂಗ್ಲಿಷ್ ಏನು ಕಡಿಮೆ ಇತ್ತೇ? ‘ಯು’ ಅಂತಲೇ ಜಾತಿ ಮಾಡೋದನ್ನೂ ಜನ ಕಲಿತಾರ. ಇದನ್ನೂ ಮಕ್ಕಳಿಗೆ ಹೇಳ್ತೀನಿ.

ಎರಡನೇ ಪ್ರಸಂಗ. ಕೂಲಿ ಮಾಡೋ ಒಬ್ಬ ತಾಯಿಯ ಬ್ಯಾಂಕ್ ಖಾತೆಯಿಂದ 436 ರೂಪಾಯಿ ಕಟ್ ಆಗಿತ್ತು. ಮೊಬೈಲಿಗೆ ಇಂಗ್ಲಿಷ್ ಮೆಸೇಜ್. ಯಾರೋ ರೊಕ್ಕ ಹೊಡೆದರು ಅಂತ ಓಣಿಯಲ್ಲಿ ಗದ್ದಲ. ನಮ್ಮ ಕ್ಲಾಸಿಗೆ ಬರೋ ಒಂಬತ್ತನೇತ್ತಾದ ಮಗಳು ಅಕ್ಷರ ಕೂಡಿಸಿ ಓದಿದಳು. ‘ಡೆಬಿಟೆಡ್’ ಅಂದ್ರೆ ಹೋತು, ‘ಕ್ರೆಡಿಟೆಡ್’ ಅಂದ್ರೆ ಬಂತು, ಇದು ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು ಅಂತ ಅವ್ವಗ ತಿಳಿಸಿದಳು. ತನ್ನ ಹೆಸರಲ್ಲಿ ಎರಡು ಲಕ್ಷದ ವಿಮೆ ಇದೆ ಅನ್ನೋದೇ ಆ ತಾಯಿಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಬೇಕಾದ್ರೆ ಮುಂದುವರಿಸಬಹುದು, ಬ್ಯಾಡಾದ್ರೆ ಬ್ಯಾಂಕಿಗೆ ಬರೆದುಕೊಟ್ಟು ನಿಲ್ಲಿಸಬಹುದು. ಈಗ ಓಣಿಯ ಹೆಣ್ಣುಮಕ್ಕಳು ಮೊಬೈಲ್ ಹಿಡಕೊಂಡು ಕ್ಲಾಸಿನ ಬಾಗಿಲಿಗೆ ಬರ್ತಾರ. ಅವರು ಕೇಳೋದು ನನ್ನಲ್ಲ, ಆ ಹುಡುಗೀನ. ನನಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಾಗಿಲ್ಲ.

‘ಸೇವೆ’ ಅನ್ನೋ ಮಾತು ನನಗೆ ಯಾಕೆ ಒಗ್ಗೋದಿಲ್ಲ ಅಂದ್ರೆ ಅದಕ್ಕೊಂದು ಹಳೇ ಫೈಲ್ ಇದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಅಂತ ಒಬ್ಬ ಮಹಾರ್ ಹುಡುಗ ಮುಂಬಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಅವ ಪುಕ್ಕಟೆ ಕೇಳಿರಲಿಲ್ಲ, ಫೀ ಕೊಡ್ತೀನಿ ಅಂದಿದ್ದ. ಇವನೊಬ್ಬನನ್ನು ಸೇರಿಸಿದರೆ ಉಳಿದವರು ಶಾಲೆ ಬಿಟ್ಟಾರು ಅಂತ ಸರ್ಕಾರ ಒಪ್ಪಲಿಲ್ಲ. ಸರ್ಕಾರಿ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕು ಅಂತ ಲಂಡನ್ನಿನ ಕಂಪನಿ ನಿರ್ದೇಶಕರು 1858ರಲ್ಲಿ ಬರೆದರು. ಆ ಕಾಗದ ಕೇರಿಗೆ ಮುಟ್ಟಲು ಎಷ್ಟು ಕಾಲ ಹಿಡಿಯಿತು ಅನ್ನೋದು ನಿಮಗೆ ಗೊತ್ತೇ ಇದೆ. 1928ರಲ್ಲಿ ಬಾಬಾಸಾಹೇಬರು ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣ ದಾಖಲಾಗಿದೆ. 1997ರಲ್ಲಿ ಗದಗ ಜಿಲ್ಲೆ ಆಗೋ ತನಕ ಧಾರವಾಡವೇ ನಮ್ಮ ಜಿಲ್ಲೆ. ಅಂದ್ರೆ ಇದು ನಮ್ಮ ಮನೆ ಅಂಗಳದ ಕತೆ.

ಗುಮಾಸ್ತನ ಭಾಷೆಯಲ್ಲಿ ಹೇಳೋದಾದ್ರೆ ಇದು ಬಾಕಿ. ಕೊಡಬೇಕಾದದ್ದು ಸರ್ಕಾರ, ಕೊಡಬೇಕಾದ ಜಾಗ ಶಾಲೆ. ನಾವು ಸಂಜೆ ಒಂದು ತಾಸು ಕಲಿಸಿದ್ವಿ ಅಂತ ಆ ಬಾಕಿ ಮನ್ನಾ ಆಗೋದಿಲ್ಲ. ಶಿಕ್ಷಕರ ಹುದ್ದೆ ತುಂಬ್ರಿ ಅಂತ ಅರ್ಜಿ ಕೊಡೋದು, ಎಸ್‌ಡಿಎಂಸಿ ಸಭೆಯಲ್ಲಿ ಕೂತು ಕೇಳೋದು ಪಾಠದ ಜೊತೆಜೊತೆಗೆ ನಡೀಬೇಕು.

ಬರ್ತೀವಿ ಅಂದವರಿಗೆ: ಒಂದಿನಕ್ಕೆ ಬರಬ್ಯಾಡ್ರಿ. ವಾರಕ್ಕೊಂದು ಸಂಜೆ, ಜೂನ್‌ನಿಂದ ಮಾರ್ಚ್ ತನಕ ಬರ್ತೀನಿ ಅನ್ನೋರು ಇನ್‌ಬಾಕ್ಸಿಗೆ ಬರ್ರಿ. ಇಂಗ್ಲಿಷ್ ಚೊಲೊ ಬರಬೇಕು ಅಂತೇನಿಲ್ಲ. ನೋಟ್‌ಬುಕ್ ಬ್ಯಾಡ, ಒಂದು ಒಳ್ಳೆ ಇಂಗ್ಲಿಷ್–ಕನ್ನಡ ನಿಘಂಟು ತಂದ್ರೆ ಉಪಕಾರ. ಇರೋದರ ಹಾಳೆ ‘ಎಸ್’ ಅಕ್ಷರದಿಂದ ಮುಂದೆ ಕಿತ್ತುಹೋಗ್ಯಾವ.

ಜೈ ಭೀಮ್.