ಇಟ್ಟಿಗೆಯೊಳಗಿನ ಉಪ್ಪು

ಎಣ್ಣೆ ಬಾವಿಯ ಬಂಡೆಯೊಳಗೆ ಅನಿಲ ಹೇಗೆ ಹಾಯುತ್ತದೆಂದು ವಸ್ತುಪ್ರದರ್ಶನದಲ್ಲಿ ತೋರಿಸಬೇಕೆಂಬುದು ನನ್ನ 9ನೇ ತರಗತಿಯ ಹುಡುಗಿಯೊಬ್ಬಳ ಆಸೆ. ನಮ್ಮ ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲಿ ರಂಧ್ರಗಳು ಅಷ್ಟಕ್ಕಷ್ಟೆ; ಮುಂಬೈ ಹೈನಲ್ಲಿ ಎಣ್ಣೆ, ಅನಿಲ ಇರುವುದು ಕಡಲತಳದಡಿಯ ಸುಣ್ಣಕಲ್ಲಿನ ರಂಧ್ರಗಳಲ್ಲಿ. ಹಾಗಾಗಿ ಇಟ್ಟಿಗೆ ತಂದಳು.

ಒಂದು ತುಂಡನ್ನು ಬರಿ ನೀರಿನಲ್ಲಿ, ಇನ್ನೊಂದನ್ನು ಕರಗುವಷ್ಟೂ ಉಪ್ಪು ಹಾಕಿದ ನೀರಿನಲ್ಲಿ ನೆನೆಸಿ, ಒಣಗಿಸಿ, ಪಕ್ಕಗಳಿಗೆ ಮೇಣ ಬಳಿದು, ಸೈಕಲ್ ಪಂಪಿನಿಂದ ಗಾಳಿ ಬಿಟ್ಟಳು. ಆಚೆ ಬದಿಯ ಕೊಳವೆಯಿಂದ ನೀರಿನ ಲೋಟಕ್ಕೆ ಗುಳ್ಳೆ ಬರಬೇಕು. ಉಪ್ಪಿನ ತುಂಡಿನಲ್ಲಿ ಬಹಳ ಕಡಿಮೆ ಬಂತು.

"ಒಣಗಿದ ಮೇಲೆ ಎರಡೂ ಒಂದೇ ಅಲ್ಲವೇನಮ್ಮಾ? ಮೇಣ ಒಳಗಿಳಿದಿರಬೇಕು" ಎಂದುಬಿಟ್ಟೆ. ಅವಳು ಎದುರು ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಹೊಳೆಯಿತು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದೆಲ್ಲಿಗೆ? ಒಂದು ಲೀಟರ್ ನೀರಿನಲ್ಲಿ ಸುಮಾರು 360 ಗ್ರಾಂ ಉಪ್ಪು ಕರಗುತ್ತದೆ. ಒಣಗಿದರೆ ಅದು ಹಿಡಿಯುವ ಜಾಗ 160 ಮಿಲಿಲೀಟರಿಗೂ ಹೆಚ್ಚು. ಸಮುದ್ರದ ನೀರಾದರೆ ಲೀಟರಿಗೆ 35 ಗ್ರಾಂ ಅಷ್ಟೆ. ರಂಧ್ರದಿಂದ ರಂಧ್ರಕ್ಕೆ ಹೋಗುವ ಇಕ್ಕಟ್ಟಿನ ಕಂಡಿಯಲ್ಲಿ ಹರಳು ಕೂತರಂತೂ ಅನಿಲಕ್ಕೆ ದಾರಿಯೇ ಬಂದ್. ಇದಕ್ಕಾಗಿಯೇ ಬಂಡೆ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಮೆಥನಾಲಿನಿಂದ ಉಪ್ಪು ತೊಳೆದು, ಒಣಗಿಸಿ, ಆಮೇಲೆ ಅನಿಲ ಹಾಯಿಸಿ ಅಳೆಯುತ್ತಾರೆ.

ಮರುದಿನ ತರಗತಿಯಲ್ಲೇ ತಪ್ಪೊಪ್ಪಿಕೊಂಡೆ. ಅವಳು ಆ ತುಂಡನ್ನು ನೀರು ಬದಲಿಸುತ್ತ ನಾಲ್ಕು ದಿನ ನೆನೆಸಿಟ್ಟು ಒಣಗಿಸಿದಳು. ಗುಳ್ಳೆಗಳು ಹೆಚ್ಚುಕಡಿಮೆ ಮೊದಲ ತುಂಡಿನಷ್ಟೇ ಬಂದವು. ಹೋಲಿಸಿ ನೋಡೋಣವೆಂದು ಹಳೆಯ ಅಂಕಿ ಕೇಳಿದೆ. ನಾನು ತಪ್ಪೆಂದ ದಿನವೇ ಅವನ್ನು ರಬ್ಬರಿನಿಂದ ಅಳಿಸಿಬಿಟ್ಟಿದ್ದಳು.