ಆಮೆಯನ್ನು ಅರಸಿ ಮಿಸಿಸಿಪ್ಪಿಯ ಸೀಮೆಯಲ್ಲಿ

ನ್ಯೂ ಆರ್ಲಿಯನ್ಸ್ ನಗರದಿಂದ ಉತ್ತರಕ್ಕೆ ಹೊರಟವರಿಗೆ ಪಾಂಚರ್ಟ್ರೇನ್ ಸರೋವರ ಅಡ್ಡವಾಗುತ್ತದೆ. ಹೆಸರಿಗೆ ಸರೋವರ, ದಡದಲ್ಲಿ ನಿಂತರೆ ಆಚೆಯ ದಡ ಕಾಣದು. 1956ರಲ್ಲಿ ಇದರ ಮೇಲೆ ಸುಮಾರು 38 ಕಿಲೋಮೀಟರು ಉದ್ದದ ಸೇತುವೆ ಕಟ್ಟಿದರು. 1969ರಲ್ಲಿ ಪಕ್ಕದಲ್ಲೇ ಮತ್ತೊಂದನ್ನು. ನಾವು ಆ ದಾರಿ ಹಿಡಿಯದೆ, ಪಶ್ಚಿಮಕ್ಕೆ ಬಳಸಿಕೊಂಡು ಮ್ಯಾನ್ಚ್ಯಾಕ್ ಎಂಬ ಜೌಗುಭೂಮಿಗೆ ಹೋದೆವು. ಅಲ್ಲಿ ಸೈಪ್ರಸ್ ಮರಗಳು ನೀರಿನಲ್ಲಿಯೇ ನಿಂತಿವೆ. ಬುಡದ ಸುತ್ತ ಬೇರುಗಳು ಮೊಣಕಾಲು ಮಡಿಸಿದಂತೆ ಮೇಲೆದ್ದಿವೆ. ಕೊಂಬೆಗಳಿಂದ ಬೂದುಬಣ್ಣದ ಜಟೆಗಳು ಜೋತಾಡುತ್ತವೆ.

ಏಪ್ರಿಲ್ ತಿಂಗಳ ಎಳೆಬಿಸಿಲು. ಬಿದ್ದ ಮರವೊಂದರ ಮೇಲೆ ಹನ್ನೊಂದು ಆಮೆಗಳು ಸಾಲಾಗಿ ಕುಳಿತಿದ್ದವು. ಜಾಗ ಸಾಲದೆ ಎರಡು ಮತ್ತೆರಡರ ಬೆನ್ನೇರಿದ್ದವು. ಕಣ್ಣಿನ ಹಿಂದೆ ಕುಂಕುಮದಿಂದ ಗೀರಿದಂತೆ ಒಂದು ಕೆಂಪು ಪಟ್ಟೆ. ಜಗತ್ತಿನ ಗಾಜಿನ ತೊಟ್ಟಿಗಳಲ್ಲೆಲ್ಲ ಕಾಣುವ 'ಕೆಂಗಿವಿಯ ಆಮೆ' ಇದೇ. ಇದರ ತವರು ಈ ಮಿಸಿಸಿಪ್ಪಿ ಕಣಿವೆ.

ನನ್ನ ತಮ್ಮನ ಮಗ ಸಂಸಾರಸಮೇತ ಇಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಒಂಬತ್ತು ವರ್ಷದ ಮಗಳಿಗೆ ಹುಟ್ಟುಹಬ್ಬಕ್ಕೆ ಆಮೆಯೇ ಬೇಕು. "ತಾತ, ಅದು ಕಚ್ಚೋದೂ ಇಲ್ಲ, ಕೂಗೋದೂ ಇಲ್ಲ. ಅಪ್ಪನಿಗೆ ನೀವೇ ಹೇಳಿ" ಎಂದು ನನ್ನ ಶಿಫಾರಸನ್ನು ಬೇಡಿದ್ದಳು. ಕಚ್ಚುವುದಿಲ್ಲವೆಂಬ ಮಾತು ಪೂರ್ತಿ ನಿಜವಲ್ಲವೆಂಬುದು ಬೇರೆ ಸಂಗತಿ.

ಹಿಂದಿರುಗುವಾಗ ದಾರಿಬದಿಯ ಸಂತೆಯೊಂದರಲ್ಲಿ ನಾಣ್ಯದಗಲದ ಹಸಿರು ಮರಿಗಳನ್ನು ಮಾರುತ್ತಿದ್ದರು. ಅಂಗೈಯಷ್ಟು ಪ್ಲಾಸ್ಟಿಕ್ ಡಬ್ಬಿ, ನಡುವೆ ಪ್ಲಾಸ್ಟಿಕ್ ತಾಳೆಮರ! ಎಂಥವರ ಮನಸ್ಸೂ ಕರಗಬೇಕು. ಆದರೆ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರಕೂಡದೆಂದು ಅಮೆರಿಕದ ಸರಕಾರ 1975ರಲ್ಲಿಯೇ ವಿಧಿಸಿದೆ. ಮಕ್ಕಳು ಅವನ್ನು ಮುಟ್ಟಿದ ಕೈಯನ್ನು ಬಾಯಿಗಿಟ್ಟು, ಸಾಲ್ಮೊನೆಲ್ಲಾ ಎಂಬ ಕರುಳಿನ ಸೋಂಕಿಗೆ ತುತ್ತಾಗುತ್ತಿದ್ದುದೇ ಕಾರಣ. ವಿದ್ಯಾಭ್ಯಾಸಕ್ಕಾದರೆ ವಿನಾಯಿತಿಯುಂಟು, ವ್ಯಾಪಾರಿ ಆ ಪದವನ್ನೇ ಬರೆದು ತೂಗುಹಾಕಿದ್ದ. ಬಾಲಕಿಯ ಕಣ್ಣಲ್ಲಿ ನೀರು ನಿಂತರೂ ನನ್ನ ತಮ್ಮನ ಮಗ ಜಗ್ಗಲಿಲ್ಲ.

ನಾಣ್ಯದಷ್ಟಿರುವ ಈ ಮರಿ ಹೆಣ್ಣಾದರೆ ಊಟದ ತಟ್ಟೆಯಷ್ಟಾಗುತ್ತದೆ. ಮೂವತ್ತು ವರ್ಷ ಬಾಳಬಲ್ಲುದು. ಗಂಡೋ ಹೆಣ್ಣೋ ಎಂಬುದು ಎಳವೆಯಲ್ಲಿ ತಿಳಿಯದು. ಮೊಟ್ಟೆಯಿದ್ದ ನೆಲದ ಬಿಸಿಯೇ ಅದನ್ನು ನಿರ್ಧರಿಸುತ್ತದೆ: ಬಿಸಿ ಹೆಚ್ಚಿದರೆ ಹೆಣ್ಣು, ತಗ್ಗಿದರೆ ಗಂಡು. ಚಿಪ್ಪಿನ ಅಂಗುಲವೊಂದಕ್ಕೆ ಸುಮಾರು 38 ಲೀಟರು ನೀರು ಬೇಕೆಂಬುದು ಸಾಕುವವರ ವಾಡಿಕೆಯ ಲೆಕ್ಕ. ಒದ್ದೆಯಾಗದ ಒಂದು ಕಟ್ಟೆ, ಅದರ ಮೇಲೆ ಬಿಸಿಲಿನ ಬದಲಿಗೆ ದೀಪ, ನೀರನ್ನು ಸೋಸುವ ಬಲವಾದ ಯಂತ್ರ ಇಷ್ಟೂ ಬೇಕು. "ಕಿಟಕಿಯ ಪಕ್ಕದಲ್ಲಿಟ್ಟರೆ ಸಾಲದೆ?" ಎಂದು ಸೊಸೆ ಕೇಳಿದಳು. ಸಾಲದು. ಚಿಪ್ಪು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣಗಳನ್ನು ಕಿಟಕಿಯ ಗಾಜು ತಡೆದುಬಿಡುತ್ತದೆ.

ಹೊಸಬರಿಗೆ, ಅದರಲ್ಲಿಯೂ ಚಿಕ್ಕ ಮನೆಯವರಿಗೆ, ನನ್ನ ಮತ ಕಸ್ತೂರಿ ಆಮೆಗೆ. ಹೆಸರು ಕೇಳಿ ಮರುಳಾಗಬೇಡಿ. ಹೆದರಿದಾಗ ಅದು ಬಿಡುವ ವಾಸನೆಗೆ ಇಲ್ಲಿಯವರು 'ನಾರುವ ಮಡಕೆ' ಎಂಬ ಹೆಸರನ್ನೂ ಇಟ್ಟಿದ್ದಾರೆ. ಆದರೆ ಬೆಳೆದರೂ ಐದು ಅಂಗುಲ ದಾಟುವುದು ಅಪರೂಪ. ನೀರಿನ ತಳದಲ್ಲಿ ಮುದುಕರ ಹಾಗೆ ನಿಧಾನವಾಗಿ ನಡೆದಾಡಿಕೊಂಡಿರುತ್ತದೆ. ಕಾಡಿನಿಂದ ಹಿಡಿದು ತಂದುದನ್ನು ಮಾತ್ರ ಕೊಳ್ಳಬಾರದು. ಅದರ ಆಯುಸ್ಸಿನ ಮಾತು ಬಂದಾಗ ಎಲ್ಲರೂ ಸುಮ್ಮನಾದರು: ಫಿಲಡೆಲ್ಫಿಯಾ ಮೃಗಾಲಯದಲ್ಲಿ ಇಂಥದೊಂದು ಐವತ್ತು ವರ್ಷ ದಾಟಿ ಬದುಕಿತ್ತು.

ಇಕ್ಕಟ್ಟು ಇದ್ದುದು ಅಲ್ಲಿಯೇ. ಇವರದು ಉದ್ಯೋಗದ ವೀಸಾ. ನಾಲ್ಕು ವರ್ಷಕ್ಕೋ ಆರು ವರ್ಷಕ್ಕೋ ಮೈಸೂರಿಗೆ ಮರಳುವವರು. ಆಗ ಆಮೆಯ ಗತಿ? ಸಾಕಿ ಸಾಕಾದವರು ಮಾಡುವ ಕೆಲಸ ಒಂದೇ, ಹತ್ತಿರದ ಕೆರೆಗೆ ಬಿಡುವುದು. ಕೇರಳದ ತೃಶ್ಶೂರಿನ ಕಾಲುವೆಯಲ್ಲಿ 2018ರಲ್ಲಿ ಕೆಂಗಿವಿಯ ಆಮೆಗಳು ಕಂಡುಬಂದುದು ಇಂಥ ಪುಣ್ಯಾತ್ಮರಿಂದಲೇ ಇರಬೇಕು. ಅವು ಅಲ್ಲಿಯ ಆಮೆಗಳ ಆಹಾರಕ್ಕೂ ಬಿಸಿಲಿನ ತಾವಿಗೂ ಪೈಪೋಟಿಗಿಳಿಯುತ್ತವೆ. ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದಂತೂ 1972ರ ವನ್ಯಜೀವಿ ಕಾಯಿದೆಯಂತೆ ಅಪರಾಧ.

ಕೊನೆಗೆ ದಾರಿ ತೋರಿದ್ದು ಸೊಸೆ. ಜನ ಬಿಟ್ಟುಹೋದ ಆಮೆಗಳನ್ನು ಸಲಹುವ ಆಶ್ರಯವೊಂದನ್ನು ಆಕೆ ವಿಚಾರಿಸಿಟ್ಟಿದ್ದಳು. ಅಲ್ಲಿ ಹನ್ನೆರಡು ವರ್ಷದ ಗಂಡು ಕೆಂಗಿವಿಯೊಂದಿತ್ತು. ಚಿಪ್ಪು ಎಂಟು ಅಂಗುಲ, ಮುಂಗಾಲಿನ ಉಗುರುಗಳು ಗಂಡಿಗೆ ತಕ್ಕಂತೆ ನೀಳ. ಇನ್ನು ಹೆಚ್ಚು ಬೆಳೆಯುವಂತಿಲ್ಲ, ಅಚ್ಚರಿಗೆ ಅವಕಾಶವಿಲ್ಲ. ಆಶ್ರಯದವರ ಷರತ್ತು ಒಂದೇ: ಸಾಕಲಾಗದ ದಿನ ಅದನ್ನು ತಮಗೇ ಹಿಂದಿರುಗಿಸಬೇಕು. ಮೈಸೂರಿನ ಚಿಂತೆಯೂ ಇದರಿಂದ ತೀರಿತು. ಮುನ್ನೂರು ಲೀಟರು ನೀರೆಂದರೆ ಮುನ್ನೂರು ಕಿಲೋ ತೂಕ. ಬಾಡಿಗೆಯ ಮನೆ ನೆಲಅಂತಸ್ತಿನಲ್ಲಿದ್ದುದು ಭಾಗ್ಯ.

ನಾನು ಊರಿಗೆ ಹೊರಡುವ ದಿನ ಆಮೆ ಇನ್ನೂ ಮನೆಗೆ ಬಂದಿರಲಿಲ್ಲ. ಕಲ್ಮಷವನ್ನು ಕರಗಿಸುವ ಸೂಕ್ಷ್ಮಜೀವಿಗಳು ಸೋಸುಯಂತ್ರದಲ್ಲಿ ನೆಲೆಗೊಂಡು ನೀರು ಹದಕ್ಕೆ ಬರಲು ಕೆಲವು ವಾರಗಳು ಬೇಕಂತೆ. ಹುಡುಗಿ ಬರಿದಾದ ತೊಟ್ಟಿಯ ಮುಂದೆ ಕುಳಿತು, ಉಷ್ಣಮಾಪಕ ನೋಡಿ, ನೋಟುಪುಸ್ತಕದಲ್ಲಿ 25 ಡಿಗ್ರಿ ಎಂದು ಬರೆದುಕೊಳ್ಳುತ್ತಿದ್ದಳು.